ಹೊಳಿ ಒಂದೇ, ಪರಿಹಾರದ ರೇಟು ಎರಡು

ಬೆಳಿ ಹಾಳಾಗಿದ್ದಕ್ಕ ಸರ್ಕಾರ ಪರಿಹಾರ ಬಿಟ್ಟೀವಿ ಅಂತದ, ಆದ್ರೂ ನಿಮ್ ಕಡಿ ರೈತರು ಯಾಕ ತಹಶೀಲ್ ಆಫೀಸಿಗೆ ಅಡ್ಡಾಡ್ತಾರ ಅಂತ ಕೇಳಿದ್ರಲ್ರಿ, ಬೆಂಗಳೂರಾಗ ಕುಂತು ನೋಡಿದ್ರ ಹಂಗೇ ಅನಸ್ತದ ಬಿಡ್ರಿ.

ನಮ್ದು ಕಲಬುರಗಿ ಜಿಲ್ಲಾದ ಅಫಜಲಪುರ ತಾಲೂಕು. ಗಡಿ ದಾಟಿದ್ರ ಅಕ್ಕಲಕೋಟ, ಅಂದ್ರ ಮಹಾರಾಷ್ಟ್ರ, ಖರೆ ಅಲ್ಲೂ ಭಾಳ ಮನ್ಯಾಗ ಕನ್ನಡಾನೇ. ನಮ್ಮತ್ತಿ ಕೊಟ್ಟ ಮನಿ ಆ ಕಡಿ. 2025ರ ಸೆಪ್ಟೆಂಬರದಾಗ ಮಳಿ ಹಿಡದಿದ್ದು ಬಿಡ್ಲೇ ಇಲ್ಲ, ಮ್ಯಾಲಿಂದ ಉಜನಿ ಡ್ಯಾಮಿನ ನೀರು, ಸೀನಾ ಹೊಳಿ ನೀರು ಎಲ್ಲಾ ಕೂಡಿ ಭೀಮಾ ಉಕ್ಕಿ ಬಂತು, ಹೊಳಿ ದಂಡಿ ಹೊಲ ಮುಳಗಿದ್ವು, ದೂರ ಇದ್ದ ಹೊಲದಾಗೂ ನೀರು ನಿಂತು ತೊಗರಿ ಬೇರು ಕೊಳತು ಹೋತು. ಅತ್ತಿ ಹೊಲದಾಗೂ ಅದೇ ಹಣೆಬರಹ.

ಈಗ ರೇಟಿಗೆ ಬರ್ರಿ. ಆಗ ಕೇಂದ್ರದ ಲೆಕ್ಕ ಎರಡೂ ಕಡಿ ಒಂದೇ ಇತ್ತು, ಹೆಕ್ಟೇರಿಗೆ ಮಳಿ ನಂಬಿದ ಹೊಲಕ್ಕ 8,500, ನೀರಾವರಿಗೆ 17,000, ತೋಟಕ್ಕ 22,500, ಅದೂ ಶೇಕಡಾ 33 ಇಲ್ಲಾ ಅದಕ್ಕಿಂತ ಜಾಸ್ತಿ ಬೆಳಿ ಹೋಗಿದ್ರ ಅಷ್ಟೇ. ಇದರ ಮ್ಯಾಲ ನಮ್ ಸರ್ಕಾರ ಆ ವರ್ಷ 8,500 ಕೂಡಿಸ್ತು, ಹಂಗಾಗಿ ಮಳಿ ನಂಬಿದ ತೊಗರಿಗೆ 17,000 ಆತು, ಎರಡು ಹೆಕ್ಟೇರ್ ತನಕ ಮಾತ್ರ. ಆ ಕಡಿಯವ್ರು 10,000 ಕೂಡಿಸಿ 18,500 ಅಂದ್ರು, ಮತ್ತ ಮೂರು ಹೆಕ್ಟೇರ್ ತನಕ. ಅತ್ತಿ ಫೋನ್ ಹಚ್ಚಿ ಇದನ್ನ ಮೂರು ಸರ್ತಿ ಹೇಳಿದ್ಳು.

ನೀವು ಹೆಕ್ಟೇರ್ ಅಂದ್ ಕೂಡ್ಲೆ ದೊಡ್ಡ ರೊಕ್ಕ ಅನ್ಕೋಬ್ಯಾಡ್ರಿ, ಒಂದು ಹೆಕ್ಟೇರ್ ಅಂದ್ರ ಎರಡೂವರೆ ಎಕರೆ ಹತ್ರ ಹತ್ರ, ಎಕರೆಗೆ ಬಂದಿದ್ದು 7,000 ಒಳಗ. ಬೀಜ, ಗೊಬ್ಬರ, ಕಳೆ ತಗಿಸಿದ ಕೂಲಿ, ಔಷಧ ಹೊಡಿಸಿದ್ದು ಹಿಡದ್ರ ಅಲ್ಲಿಗೇ ಮುಗೀತು. ಹತ್ತು ಎಕರೆ ಹೋದಾವಗೂ ಸಿಗೋದು ಐದು ಎಕರೆದು.

ಅದಕ್ಕಿಂತ ದೊಡ್ಡ ರಗಳಿ ಕಾಗದದ್ದು. ಕಂದಾಯದವ್ರು, ಕೃಷಿ ಇಲಾಖೆಯವ್ರು ಕೂಡಿ ಜಂಟಿ ಸರ್ವೇ ಮಾಡ್ತಾರ, ಅದು ಸರ್ಕಾರದ ‘ಪರಿಹಾರ’ ಅನ್ನೋ ತಂತ್ರಾಂಶಕ್ಕ ಹೋಗ್ತದ, ಅಲ್ಲಿಂದ ಫ್ರೂಟ್ಸ್ ಐಡಿ, ಅಂದ್ರ ರೈತನ ನೋಂದಣಿ ನಂಬರ್ ನೋಡಿ ಆಧಾರ್ ಜೋಡಿಸಿದ ಖಾತೆಗೆ ರೊಕ್ಕ. ನಮ್ಮೂರಾಗ ಅರ್ಧ ಪಹಣಿ ಇನ್ನೂ ಸತ್ತ ಮುತ್ಯಾನ ಹೆಸರಿಲೆ ಅವ. ವಾರಸಾ ಮಾಡಸಬೇಕಂದ್ರ ಅಣ್ಣತಮ್ಮರು ಎಲ್ಲಾ ಸಹಿ ಹಾಕಬೇಕು, ಒಬ್ಬಾವ ಪುಣೆದಾಗ, ಇನ್ನೊಬ್ಬಾವ ಮಾತಾಡ್ಸೋದೇ ಬಿಟ್ಟಾನ. ಪಹಣಿ ಹೆಸರಿಲೆ ಇಲ್ಲ ಅಂದ್ರ ಐಡಿ ಇಲ್ಲ, ಐಡಿ ಇಲ್ಲ ಅಂದ್ರ ಹೊಲ ಮುಳಗಿದ್ದೇ ಸುಳ್ಳು ಅನ್ನೋ ಹಂಗ. ನನ್ನ ರೊಕ್ಕ ನಾ ಮರತೇ ಬಿಟ್ಟಿದ್ದ ಹಳೀ ಖಾತೆಗೆ ಬಿದ್ದಿತ್ತು, ಆಧಾರ್ ಅದಕ್ಕ ಜೋಡಣಿ ಆಗಿತ್ತಂತ, ಎರಡು ತಿಂಗಳು ಸುಮ್ನ ತಿರುಗಾಡಿದೆ.

ಆ ಕಡಿ ತಲಾಠಿ, ಅಂದ್ರ ಅವ್ರ ಊರ ಲೆಕ್ಕಿಗ, ಬಂದು ಪಂಚನಾಮಾ ಮಾಡ್ತಾನ, ಸಾತ್‌ಬಾರಾ ಉತಾರಾ ಅನ್ನೋ ಹೊಲದ ಕಾಗದ ಬೇಕು, ಮೊಬೈಲಿನಾಗ ಬೆಳಿ ದಾಖಲ್ ಮಾಡೋ ಇ-ಪೀಕ್ ಪಾಹಣಿ ಅನ್ನೋದೂ ಅದ. ಮಜಾ ನೋಡ್ರಿ, ನಮಗ ಪಹಣಿ ಅಂದ್ರ ಹೊಲದ ಕಾಗದ, ಅವ್ರಿಗೆ ಪಾಹಣಿ ಅಂದ್ರ ಬೆಳಿ ನೋಡೋದು. ಎರಡೂ ಕಡಿ ಹೊಲ ಇದ್ದಾವ ಮಾತಾಡ್ಬೇಕಾದ್ರ ಯಾವ ಪಹಣಿ ಅಂತ ಕೇಳ್ಕೊಂಡೇ ಮುಂದ ಹೋಗಬೇಕು.

ಇನ್ನ ಪಾಲಿಗೆ ಹೊಲ ಮಾಡೋರ ಕಥಿ ಕೇಳಬ್ಯಾಡ್ರಿ. ನಮ್ಮ ಹೊಲದ ಬಾಜೂಕ ಒಬ್ಬ ಕಾಕಾ ಆರು ಎಕರೆ ಪಾಲಿಗೆ ಮಾಡ್ಯಾನ. ಸರ್ವೇದವ್ರು ಬಂದಾಗ ರಾಡ್ಯಾಗ ಮೊಣಕಾಲ ತನಕ ಇಳದು ಬದು ತೋರಿಸಿದ್ದು ಅವ, ಸಾಕ್ಷಿ ಅಂತ ಹೆಬ್ಬೆಟ್ಟು ಒತ್ತಿದ್ದೂ ಅವನೇ. ರೊಕ್ಕ ಬಂದ ಮೆಸೇಜ್ ಮಾತ್ರ ಸೊಲ್ಲಾಪುರದಾಗ ಇರೋ ಮಾಲಕಗ ಹೋತು.