ಹಾರ್ಮೋನಿಯಂಗೆ ನೆಗಡಿ ಆಗಿದ್ಯಾ?

ಪ್ರಶ್ನೆ: ಸರ್, ಮನೇಲೇ ಲ್ಯಾಪ್‌ಟಾಪಿಗೆ ಕೀಬೋರ್ಡ್ ಹಾಕ್ಕೊಂಡು ಭಾವಗೀತೆಗಳಿಗೆ ಟ್ರ್ಯಾಕ್ ಮಾಡ್ತೀನಿ. ಮೊನ್ನೆ ದುಡ್ಡು ಕೊಟ್ಟು ಒಂದು ವರ್ಚುವಲ್ ಪಿಟೀಲು ತಗೊಂಡೆ. ಡೆಮೋದಲ್ಲಿ ಸಖತ್ತಾಗಿತ್ತು, ನಾನು ನುಡಿಸಿದ್ರೆ ಮಾತ್ರ ನಮ್ಮಮ್ಮ ಒಳಗಿಂದ "ಹಾರ್ಮೋನಿಯಂಗೆ ನೆಗಡಿ ಆಗಿದ್ಯೇನೋ" ಅಂತಾರೆ. ಸಾಫ್ಟ್‌ವೇರ್ ಬದಲಾಯಿಸ್ಲಾ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬೇಡ. ಅಮ್ಮನ ಕಿವಿ ಸರಿಯಾಗೇ ಇದೆ, ಸಾಫ್ಟ್‌ವೇರೂ ಸರಿಯಾಗೇ ಇರತ್ತೆ. ನೀವು ಪಿಟೀಲಿನ ಎಡಗೈ ಮಾತ್ರ ನುಡಿಸ್ತಿದೀರ, ಕಮಾನು ಹಿಡಿಯೋ ಬಲಗೈ ಕೆಲಸಕ್ಕೆ ಯಾರನ್ನೂ ಇಟ್ಟಿಲ್ಲ, ಅಷ್ಟೇ. ಪಿಯಾನೋದಲ್ಲಿ ಕೀ ಒತ್ತಿದ ಮೇಲೆ ಆ ಸ್ವರ ತಾನಾಗೇ ಕರಗ್ತಾ ಹೋಗತ್ತೆ, ನೀವು ಮಾಡೋದು ಹೆಚ್ಚೇನಿಲ್ಲ. ಪಿಟೀಲಲ್ಲಿ ಹಾಗಲ್ಲ, ರಾಳ ಹಚ್ಚಿದ ಕಮಾನಿನ ಕೂದಲಿಗೆ ತಂತಿ ಅಂಟ್ಕೊಂಡು ಸ್ವಲ್ಪ ದೂರ ಹೋಗಿ, ಕಿತ್ಕೊಂಡು ವಾಪಸ್ ಜಾರಿ, ಮತ್ತೆ ಅಂಟ್ಕೊಳ್ಳತ್ತೆ, 440 ಹರ್ಟ್ಸ್ ಸ್ವರ ಅಂದ್ರೆ ಇದು ಸೆಕೆಂಡಿಗೆ 440 ಸಲ. ಕಮಾನಿನ ಒತ್ತಡ ಕಮ್ಮಿಯಾದ್ರೆ ಸ್ವರ ಪೀಚಲಾಗತ್ತೆ, ಜಾಸ್ತಿಯಾದ್ರೆ ಕರ್ ಅನ್ನತ್ತೆ, ಕುದುರೆ (ತಂತಿಗಳನ್ನ ಎತ್ತಿ ಹಿಡಿಯೋ ಮರದ ತುಂಡು) ಹತ್ರ ಹೋದಷ್ಟೂ ಒತ್ತಡ ಹೆಚ್ಚು ಬೇಕು. ಇದರ ಲೆಕ್ಕದ ಹಿಂದೆ ಬಿದ್ದವರಲ್ಲಿ ನಮ್ಮ ಸಿ. ವಿ. ರಾಮನ್ ದೊಡ್ಡ ಹೆಸರು. ಬೆಂಗಳೂರಿಗೆ ಬರೋಕೆ ಎಷ್ಟೋ ಮುಂಚೆ, ಕಲ್ಕತ್ತಾದಲ್ಲಿದ್ದಾಗ, 1918ರಲ್ಲಿ ಕಮಾನು ತಂತಿಯ ಕಂಪನದ ಬಗ್ಗೆ ದೊಡ್ಡ ಪ್ರಬಂಧ ಬರೆದ್ರು, ಆಮೇಲೆ ಪಿಟೀಲು ನುಡಿಸೋ ಯಂತ್ರಾನೇ ಕಟ್ಟಿದ್ರು, ಅದರಲ್ಲಿ ಕಮಾನು ಸುಮ್ನೆ ನಿಂತಿರತ್ತೆ, ಪಿಟೀಲೇ ಹಿಂದೆ ಮುಂದೆ ಓಡಾಡತ್ತೆ! ಇವತ್ತಿನ ಫಿಸಿಕಲ್ ಮಾಡೆಲಿಂಗ್ ಪಿಟೀಲುಗಳು ಕಂಪ್ಯೂಟರ್ ಒಳಗೆ ಲೆಕ್ಕ ಹಾಕೋದೂ ಇದೇ ಅಂಟೋದು ಜಾರೋದನ್ನ.

ಈಗ ಕೆಲಸದ ಮಾತು. ಕೀನ ಎಷ್ಟು ಜೋರಾಗಿ ಹೊಡೆದ್ರಿ ಅನ್ನೋ ವೆಲಾಸಿಟಿ ಸ್ವರದ ಶುರುವಿಗೆ ಮಾತ್ರ. ಆಮೇಲಿನ ಉಸಿರಿಗೆ, ಅಂದ್ರೆ ಸ್ವರ ಜೋರಾಗಿ ಮೆಲ್ಲಗಾಗೋದಕ್ಕೆ, ಎಕ್ಸ್‌ಪ್ರೆಷನ್ ಬೇಕು, ಮಿಡಿ ಭಾಷೇಲಿ (ಕೀಬೋರ್ಡೂ ಕಂಪ್ಯೂಟರೂ ಮಾತಾಡ್ಕೊಳ್ಳೋ ಭಾಷೆ) ಅದು ಸಿಸಿ 11, ಅಂದ್ರೆ 11ನೇ ಕಂಟ್ರೋಲ್, 0ಯಿಂದ 127ರವರೆಗೆ. ಅದನ್ನ ಕಾಲಿಗೆ ಕೊಡಿ, ಒಂದು ಎಕ್ಸ್‌ಪ್ರೆಷನ್ ಪೆಡಲ್ ತಗೊಳ್ಳಿ (ಸಸ್ಟೈನ್ ಪೆಡಲ್ ಅಲ್ಲ, ಅದು ಬರೀ ಆನ್ ಆಫ್, ಅಂಗಡೀಲಿ ಕೇಳಿ ತಗೊಳ್ಳಿ, ನಾನು ಒಂದ್ಸಲ ತಪ್ಪು ತಂದು ಒಂದು ವಾರ ಸಾಫ್ಟ್‌ವೇರನ್ನೇ ಬೈದಿದೀನಿ). ಕೀಬೋರ್ಡ್ ಮೇಲಿರೋ ಮಾಡ್ ವೀಲ್‌ಗೆ ವೈಬ್ರಾಟೋ (ಸ್ವರದ ಸಣ್ಣ ನಡುಕ) ಇರಲಿ. ಆಮೇಲೆ ಬರೀ ಷಡ್ಜ ಒಂದನ್ನೇ ಒತ್ತಿ ಹಿಡಿದು ಕಾಲಲ್ಲಿ ಕಮಾನು ಎಳೀರಿ, ಐದಾರು ಸೆಕೆಂಡಿಗೆ ಒಂದ್ಸಲ ಚೂರು ತಗ್ಗಿಸಿ ಮತ್ತೆ ಏರಿಸಿ, ಯಾಕಂದ್ರೆ ನಿಜವಾದ ಕಮಾನಿಗೆ ಒಂದು ತುದಿ ಅಂತ ಇದೆ, ಅಲ್ಲಿಗೆ ಬಂದಾಗ ತಿರುಗಲೇಬೇಕು. ಇದೊಂದನ್ನ ವಾರ ಮಾಡಿ, ಹಾಡು ಆಮೇಲೆ.

ಗಮಕಕ್ಕೆ ಪಿಚ್ ಬೆಂಡ್, ಅಂದ್ರೆ ಸ್ವರವನ್ನ ಮೇಲೆ ಕೆಳಗೆ ಬಗ್ಗಿಸೋ ಕಂಟ್ರೋಲ್. ಸಾಮಾನ್ಯವಾಗಿ ಅದು ಮೇಲೆ ಎರಡು ಕೆಳಗೆ ಎರಡು ಸ್ವರಸ್ಥಾನಕ್ಕೆ ಸೆಟ್ ಆಗಿರತ್ತೆ. ತೋಡಿಯ ಗಾಂಧಾರ ಅಲ್ಲಾಡಿಸೋಕೆ ಅಷ್ಟು ಸಾಕು, ರಿಷಭ ಮುಟ್ಟಿ ಮಧ್ಯಮಕ್ಕೆ ಹೋಗಿ ಬರಬಹುದು. ಷಡ್ಜದಿಂದ ಪಂಚಮಕ್ಕೆ ಜಾರು ಬೇಕಂದ್ರೆ ಸಾಲಲ್ಲ, ಪ್ಲಗಿನ್ (ನಿಮ್ಮ ಪಿಟೀಲು ಸಾಫ್ಟ್‌ವೇರ್) ಒಳಗೆ 12ಕ್ಕೆ ಏರಿಸ್ಕೊಳ್ಳಿ, ಆದ್ರೆ ಆಗ ಹೆಬ್ಬೆರಳು ಚೂರು ಅಲ್ಲಾಡಿದ್ರೂ ಶ್ರುತಿ ಹೋಗತ್ತೆ. ಸ್ಪ್ರಿಂಗ್ ಇರೋ ವೀಲ್ ಆದ್ರೆ ಇನ್ನೊಂದು ಕಾಟ, ಬಿಟ್ಟ ತಕ್ಷಣ ಮಧ್ಯಕ್ಕೆ ಓಡೋಗತ್ತೆ, ಹಾಗಾಗಿ ನೀವು ನಿಲ್ಲೋ ಸ್ವರದ ಕೀನ ಒತ್ತಿ, ಗಮಕ ಅದರ ಸುತ್ತ ಸುತ್ತಲಿ.

ಪ್ರಶ್ನೆ: ಕೀ ಒತ್ತಿ ಸ್ವಲ್ಪ ಹೊತ್ತಾದ್ಮೇಲೆ ಸ್ವರ ಬರತ್ತೆ. ಕೀಬೋರ್ಡ್ ಹಾಳಾಗಿದ್ಯಾ?
— ಓದುಗರು, ಹಾಸನ

ಉತ್ತರ: ಬಫರ್ ನೋಡಿ, ಅಂದ್ರೆ ಕಂಪ್ಯೂಟರ್ ಸದ್ದನ್ನ ಹೊರಗೆ ಬಿಡೋ ಮುಂಚೆ ಕೂಡಿಟ್ಕೊಳ್ಳೋ ತುಣುಕುಗಳ (ಸ್ಯಾಂಪಲ್) ಲೆಕ್ಕ. 1024 ಸ್ಯಾಂಪಲ್ ಇದ್ರೆ 44,100 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಅಷ್ಟು ತುಣುಕು) ಅದೊಂದೇ 23 ಮಿಲಿಸೆಕೆಂಡ್ ತಿನ್ನತ್ತೆ, 128ಕ್ಕೆ ಇಳಿಸಿದ್ರೆ ಮೂರೂ ಆಗಲ್ಲ. ಬ್ಲೂಟೂತ್ ಹೆಡ್‌ಫೋನ್ ಹಾಕಿದ್ರೆ ಮೊದಲು ಅದನ್ನ ತೆಗೀರಿ, ಅದೂ ತಡ ಮಾಡತ್ತೆ.

ಪ್ರಶ್ನೆ: ಬೆರಳನ್ನ ಜಾರಿಸಿದ್ರೆ ಸ್ವರಾನೂ ಜಾರೋ ಮೆತ್ತನೆ ಕೀಬೋರ್ಡ್ ಬಂದಿದ್ಯಂತೆ, ತಗೊಳ್ಬಹುದಾ?
— ಓದುಗರು, ಪುಣೆ

ಉತ್ತರ: ಸೀಬೋರ್ಡ್ ಥರದ್ದು. ಅದರಲ್ಲಿ ಪ್ರತಿ ಬೆರಳಿಗೂ ಬೇರೆ ಬೇರೆ ಬೆಂಡು, ಬೇರೆ ಬೇರೆ ಒತ್ತಡ, ಎಂಪಿಇ ಅಂತಾರೆ, 2018ರಿಂದ ಮಿಡಿಯಲ್ಲಿ ಅದಕ್ಕೆ ಅಧಿಕೃತ ಮಾನ್ಯತೆ ಇದೆ. ಜಾರು, ಕಂಪಿತ ನಿಜಕ್ಕೂ ಕೈಗೆ ಬರತ್ತೆ. ಆದ್ರೆ ಬೆಲೆ ಜಾಸ್ತಿ, ಶ್ರುತಿ ಹಿಡಿಯೋಕೆ ನಿಜವಾದ ಪಿಟೀಲಿನಷ್ಟಲ್ಲದಿದ್ರೂ ತಿಂಗಳುಗಟ್ಟಲೆ ಬೆವರು ಸುರಿಸ್ಬೇಕು. ಶಿವಮೊಗ್ಗದವರಿಗೆ ಹೇಳಿದ ಪೆಡಲ್ ಮೊದಲು ತಗೊಳ್ಳಿ, ಆರು ತಿಂಗಳಾದ್ಮೇಲೂ ಆಸೆ ಇದ್ರೆ ಇನ್ನೊಂದು ಪತ್ರ ಹಾಕಿ.