ಹಂಗೇರಿಯನ್ ಕಲಿಯಲು 18 ವಿಭಕ್ತಿಗಳನ್ನೂ ಬಾಯಿಪಾಠ ಮಾಡಲೇಬೇಕೇ?

ಓದಲು ಹಂಗೇರಿಯ ದೆಬ್ರೆತ್ಸೆನ್ ಊರಿಗೆ ಹೊರಟಿದ್ದೀರಿ, 18 ವಿಭಕ್ತಿಗಳ ಪಟ್ಟಿ ನೋಡಿ ಗಾಬರಿಯಾಗಿದೆ, ಯಾವ ಕ್ರಮದಲ್ಲಿ ಉರು ಹೊಡೆಯಲಿ ಅಂತ ಕೇಳಿದ್ದೀರಿ. ರಾಜಧಾನಿ ಬುದಪೆಶ್ತ್‌ನಲ್ಲಿ ನನ್ನ ಮೊದಲ ಚಳಿಗಾಲ ಅದೇ ಪಟ್ಟಿಯ ಮುಂದೆ ಕಳೆಯಿತು. ಆ ಪಟ್ಟಿಯಿಂದಲೇ ಒಂದು ಒಳ್ಳೆಯ ಬಾಡಿಗೆ ಮನೆ ಕೈತಪ್ಪಿತು.

ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎಡಕ್ಕೆ ಹಂಗೇರಿಯನ್ ಪ್ರತ್ಯಯ, ಬಲಕ್ಕೆ ಕನ್ನಡದ್ದು ಬರೆದುಕೊಂಡಿದ್ದೆ. 'ಬನ್, ಬೆನ್' ಎದುರು 'ಅಲ್ಲಿ'. 'ಒನ್, ಎನ್' ಎದುರು 'ಅಲ್ಲಿ'. 'ನಾಲ್, ನೇಲ್' ಎದುರೂ 'ಅಲ್ಲಿ'. ಮೂರು ಸಾಲಿಗೆ ಒಂದೇ ಉತ್ತರ ಬಂದಾಗಲೇ ಅನುಮಾನ ಪಡಬೇಕಿತ್ತು. ಪಡಲಿಲ್ಲ.

ಮನೆಯ ಮಾಲಕಿ ಸಂಜೆ ಆರಕ್ಕೆ 'ನ್ಯುಗತಿನಾಲ್' ಸಿಗೋಣ ಅಂತ ಮೆಸೇಜ್ ಮಾಡಿದ್ದರು. ನ್ಯುಗತಿ ಎಂದರೆ ಐಫೆಲ್ ಕಂಪನಿ ಕಟ್ಟಿ 1877ರಲ್ಲಿ ತೆರೆದ ದೊಡ್ಡ ರೈಲು ನಿಲ್ದಾಣ. 'ನ್ಯುಗತಿಯಲ್ಲಿ' ಅಂತ ಓದಿಕೊಂಡು ಒಳಗೆ ಟಿಕೆಟ್ ಕೌಂಟರ್ ಹತ್ತಿರ ನಿಂತೆ. ಅವರು ಹೊರಗೆ, ಟ್ರಾಮ್ ನಿಲ್ಲುವ ಕಡೆ ಕಾಯುತ್ತಿದ್ದರು. ನನ್ನ ಫೋನಿನಲ್ಲಿ ಕರೆನ್ಸಿ ಮುಗಿದಿತ್ತು. ಮರುದಿನ ಹೊತ್ತಿಗೆ ಮನೆ ಬೇರೆಯವರ ಪಾಲಾಗಿತ್ತು, ನಾನು ಇನ್ನೂ ಐದು ವಾರ ಹಾಸ್ಟೆಲಿನ ಎಂಟು ಹಾಸಿಗೆಯ ಕೋಣೆಯಲ್ಲಿ ಮಲಗಿದೆ.

ತಪ್ಪು ಎಲ್ಲಿತ್ತು ಅಂದರೆ, ಕನ್ನಡದ 'ಅಲ್ಲಿ' ಬಹಳ ಉದಾರಿ. ಡಬ್ಬಿಯಲ್ಲಿ ಸಕ್ಕರೆ, ಗೋಡೆಯಲ್ಲಿ ಗಡಿಯಾರ, ಬಾಗಿಲಲ್ಲಿ ನಿಂತ ಅಜ್ಜಿ, ಎಲ್ಲಕ್ಕೂ ಅದೊಂದೇ ಸಾಕು. ಹಂಗೇರಿಯನ್ ಹಾಗೆ ಬಿಡುವುದಿಲ್ಲ. ಒಳಗೋ, ಮೇಲೋ, ಪಕ್ಕದಲ್ಲೋ ಅನ್ನುವುದನ್ನು ಹೇಳಿಯೇ ಮುಂದೆ ಹೋಗಬೇಕು. 'ನ್ಯುಗತಿಬನ್' ಎಂದಿದ್ದರೆ ನಿಲ್ದಾಣದ ಒಳಗೆ. 'ನಾಲ್' ಎಂದರೆ ಅದರ ಬಳಿ. ಆ ಒಂದು ಅಕ್ಷರಕ್ಕೆ ನಾನು ಐದು ವಾರ ತೆತ್ತೆ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. 18ನ್ನು ಯಾವ ಕ್ರಮದಲ್ಲೂ ಉರು ಹೊಡೆಯಬೇಡಿ. ಎಲ್ಲಿ, ಎಲ್ಲಿಗೆ, ಎಲ್ಲಿಂದ ಎಂಬ ನಮ್ಮ ಮೂರು ಪ್ರಶ್ನೆಗಳು ಅಲ್ಲಿ 'ಹೊಲ್, ಹೊವಾ, ಹೊನ್ನನ್'. ಒಳಗೆ, ಮೇಲೆ, ಬಳಿ ಎಂಬ ಮೂರು ಜಾಗಗಳಿಗೆ ಈ ಮೂರನ್ನೂ ಕೇಳಿ ನೋಡಿ, ಒಂಬತ್ತು ಪ್ರತ್ಯಯ ಬರುತ್ತವೆ. ಮನೆಯೊಳಗೆ 'ಹಾಜ್‌ಬನ್', ಮನೆಯೊಳಕ್ಕೆ 'ಹಾಜ್‌ಬ', ಮನೆಯೊಳಗಿಂದ 'ಹಾಜ್‌ಬೋಲ್'. ದಿನನಿತ್ಯದ ಓಡಾಟದ ಮಾತು ಬಹುಪಾಲು ಈ ಒಂಬತ್ತರಲ್ಲೇ ನಡೆಯುತ್ತದೆ.

ಇಂಗ್ಲಿಷ್ ಪುಸ್ತಕ ಹೆದರಿಸುವ ಬಹಳಷ್ಟು ಸಂಗತಿ ನಿಮಗೆ ಹುಟ್ಟಿನಿಂದಲೇ ಗೊತ್ತು. 'ಹಾಜ್' ಮನೆ, 'ಹಾಜಮ್' ನನ್ನ ಮನೆ, 'ಹಾಜಮ್‌ಬನ್' ನನ್ನ ಮನೆಯೊಳಗೆ. ಪದದ ಬಾಲಕ್ಕೆ ಒಂದೊಂದೇ ಜೋಡಿಸುವುದು ನಮಗೇನು ಹೊಸದಲ್ಲ. 'ಎರಡು ಮನೆ' ಅನ್ನುವ ಹಾಗೇ 'ಕೇತ್ ಹಾಜ್', ಸಂಖ್ಯೆ ಬಂದರೆ ಬಹುವಚನ ಬೇಡ. ಹಾಲು 'ತೆಯ್', ಅದಕ್ಕೆ 'ವೆಲ್' ಸೇರಿದರೆ 'ತೆಯ್ಯೆಲ್', ಅಂದರೆ ಹಾಲಿನೊಂದಿಗೆ. ಶಾಲೆಯಲ್ಲಿ ಸಂಧಿ ಬಿಡಿಸಿದವರಿಗೆ ಇದು ಕಷ್ಟವೇ?

'ಬನ್' ಯಾವಾಗ, 'ಬೆನ್' ಯಾವಾಗ ಎಂಬುದಕ್ಕೂ ದಾರಿಯಿದೆ. 'ಹುಡುಗಿಯನ್ನು' ಎನ್ನುವಾಗ ಯಕಾರ, 'ಗುರುವನ್ನು' ಎನ್ನುವಾಗ ವಕಾರ ತಾನಾಗಿ ಬರುತ್ತದಲ್ಲ, ಹಿಂದಿನ ಸ್ವರ ನೋಡಿಕೊಂಡು? ಅಲ್ಲಿ ಇಡೀ ಪ್ರತ್ಯಯವೇ ಪದದ ಸ್ವರಕ್ಕೆ ಹೊಂದಿಕೊಳ್ಳುತ್ತದೆ. 'ಹಾಜ್'ಗೆ 'ಬನ್', ತೋಟ ಎಂಬ ಅರ್ಥದ 'ಕೆರ್ತ್'ಗೆ 'ಬೆನ್'. ಮುರಿಯುವ ಪದಗಳೂ ಇವೆ. ಸೇತುವೆಗೆ 'ಹೀದ್' ಎನ್ನುತ್ತಾರೆ, ಅದರ ಸ್ವರ ನೋಡಿದರೆ 'ಎನ್' ಸೇರಬೇಕಿತ್ತು, ಆದರೂ ಸೇತುವೆಯ ಮೇಲೆ ಎನ್ನಲು 'ಹೀದೊನ್'. ಇಂಥವನ್ನು ವಾಕ್ಯದ ಸಮೇತ ಕಲಿಯಿರಿ.

ಊರಿನ ಹೆಸರುಗಳನ್ನು ಮಾತ್ರ ಒಂದೊಂದಾಗಿ ಕೇಳಿ ತಿಳಿಯಬೇಕು. ಬುದಪೆಶ್ತ್ 'ಮೇಲೆ' ಇರುತ್ತಾರೆ, 'ಬುದಪೆಶ್ತೆನ್'. ನಿಮ್ಮ ಊರಿನ 'ಒಳಗೆ' ಇರುತ್ತಾರೆ, 'ದೆಬ್ರೆತ್ಸೆನ್‌ಬೆನ್'. ಹೊರದೇಶದ ಊರಾದ್ದರಿಂದ ಬೆಂಗಳೂರಿಗೂ 'ಬನ್'.

ಇನ್ನೊಂದು ಎಚ್ಚರ. ಆಡುಮಾತಿನಲ್ಲಿ 'ಬೆನ್' ಕೊನೆಯ ನಕಾರವನ್ನು ಅನೇಕರು ನುಂಗುತ್ತಾರೆ. ಆಗ ದೆಬ್ರೆತ್ಸೆನ್‌ನಲ್ಲಿ, ದೆಬ್ರೆತ್ಸೆನ್‌ಗೆ ಎರಡೂ 'ದೆಬ್ರೆತ್ಸೆನ್‌ಬೆ' ಎಂದೇ ಕೇಳಿಸುತ್ತವೆ. ಕ್ರಿಯಾಪದಕ್ಕೆ ಕಿವಿಗೊಡಿ. 'ಲಕೊಮ್' ಅಂದರೆ ವಾಸವಿದ್ದೇನೆ, 'ಮೆದ್ಯೆಕ್' ಅಂದರೆ ಹೋಗುತ್ತಿದ್ದೇನೆ. ಮನೆ ನೋಡುವ ವಿಷಯವಾದರೆ, ಒಳಗೋ ಹೊರಗೋ ಅಂತ ಇನ್ನೊಮ್ಮೆ ಕೇಳಿಯೇ ಹೊರಡಿ, ಫೋನಿಗೆ ಕರೆನ್ಸಿ ಹಾಕಿಸಿಕೊಂಡು.