ಸಾವಿರಾರು ಸಹಿ ಇದ್ದರೂ ಉತ್ತರ ಯಾಕಿಲ್ಲ

ರಸ್ತೆ ಅಗಲ ಮಾಡಲು ಮರ ಕಡಿಯಬೇಡಿ ಅಂತ ನಿಮ್ಮ ಬಡಾವಣೆ ಸಂಘ ಹಾಕಿದ ಆನ್‌ಲೈನ್ ಅರ್ಜಿ ಬಹುಶಃ ತೀರ್ಮಾನ ಮಾಡುವವರ ಫೈಲಿಗೆ ಸೇರಿಯೇ ಇಲ್ಲ. ಮುಖ್ಯಮಂತ್ರಿ ಹೆಸರಿಗೆ ಕಳಿಸಿದ ಸಹಿ ಜನಾಭಿಪ್ರಾಯವೇನೋ ಹೌದು, ಆಕ್ಷೇಪಣೆ ಅಲ್ಲ.

ಮೊದಲು ನಿಮ್ಮ ಭಾಗದ ವೃಕ್ಷ ಅಧಿಕಾರಿ ಯಾರೆಂದು ಪತ್ತೆ ಮಾಡಿ. ಕರ್ನಾಟಕದ 1976ರ ಮರಗಳ ಸಂರಕ್ಷಣಾ ಕಾಯ್ದೆ ಪ್ರಕಾರ ಮರ ಕಡಿಯಲು ಅನುಮತಿ ಕೊಡುವವರು ಅವರೇ. 50ಕ್ಕಿಂತ ಜಾಸ್ತಿ ಮರ ಇದ್ದರೆ ಸಾರ್ವಜನಿಕರಿಂದ ಆಕ್ಷೇಪಣೆ ಕರೆಯಲೇಬೇಕು. ಪ್ರಕಟಣೆ ಬಂದಿದೆಯಾ ನೋಡಿ, ಗಡುವಿನೊಳಗೆ ಕಾಗದದಲ್ಲಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಪ್ರಕಟಣೆಯೇ ಇಲ್ಲದಿದ್ದರೆ ಯೋಜನಾ ವರದಿ, ಮರಗಳ ಪಟ್ಟಿ ಎರಡನ್ನೂ ಆರ್‌ಟಿಐನಲ್ಲಿ ಕೇಳಿ. 30 ದಿನ ಹಿಡಿಯಬಹುದು, ಅದಕ್ಕೇ ಇವತ್ತೇ ಹಾಕಿ.

ಆಮೇಲೆ ಶಾಸಕರು. ಊರೆಲ್ಲರ ಸಹಿ ತೋರಿಸಬೇಡಿ, ಅವರ ಕ್ಷೇತ್ರದ ಮತದಾರರನ್ನೇ ಬೇರೆ ಮಾಡಿ ಒಯ್ಯಿರಿ. ಅಂಗಡಿಯವರು, ಆಟೋದವರೂ ಜೊತೆಗಿರಲಿ. ಬರೀ ನಿವಾಸಿಗಳ ಸಂಘ ಹೋದರೆ ‘ಇವರಿಗೇನು, ಕಾರಿದೆ’ ಅಂದುಬಿಡ್ತಾರೆ. ಅದು ಪೂರ್ತಿ ಸುಳ್ಳೂ ಅಲ್ಲ.

ಮರ ಕಡಿದು ಕಟ್ಟಲು ಹೊರಟಿದ್ದ ಬೆಂಗಳೂರಿನ ಉಕ್ಕಿನ ಮೇಲ್ಸೇತುವೆ ನೆನಪಿದೆ ಅಲ್ವಾ? 2016ರ ಅಕ್ಟೋಬರ್‌ನಲ್ಲಿ ಮಾನವ ಸರಪಳಿ, ಅದೇ ತಿಂಗಳು ಹಸಿರು ನ್ಯಾಯಮಂಡಳಿಯ ತಡೆ, ಜೊತೆಗೆ ವಿರೋಧ ಪಕ್ಷಗಳ ಗದ್ದಲ. 2017ರ ಮಾರ್ಚ್‌ನಲ್ಲಿ ಸರ್ಕಾರ ಕೈಬಿಟ್ಟಿತು. ಇವುಗಳಲ್ಲಿ ಯಾವುದರಿಂದ ಎಷ್ಟು ಕೆಲಸವಾಯಿತು ಅಂತ ಬಿಡಿಸಿ ಹೇಳುವುದು ಕಷ್ಟ. ಬೀದಿಗಿಳಿದದ್ದೊಂದೇ ಸಾಕಾಯಿತು ಅಂತ ಮಾತ್ರ ನನಗೆ ಅನಿಸುವುದಿಲ್ಲ.

ಟೆಂಡರ್ ಆಗಿಬಿಟ್ಟಿದ್ದರೆ ದಾರಿ ಬೇರೆ. ಸ್ವೀಕೃತಿ ಪ್ರತಿಗಳನ್ನು ಹಿಡಿದು ನೇರ ವಕೀಲರನ್ನು ಕಾಣಿ.